ಆಷಾಢದ ಗಾಳಿ, ಮೇಲೊಂದು ಗಾದಿ: ಭಾವನ ಎಲೆಕ್ಟ್ರಿಕ್ ಕಾರು ಗದಗಿನಲ್ಲೇ ಸುಸ್ತಾದದ್ದು ಯಾಕೆ?

2024ರ ಜುಲೈ, ಒಂದು ಸೋಮವಾರ. ನಾನು ಕುಷ್ಟಗಿ ಕಡೆಯ ಸೈಟ್‌ನಲ್ಲಿದ್ದೆ. ನನ್ನ ಕೆಲಸ ವಿಂಡ್ ಮಿಲ್ ರಿಪೇರಿ. ಆಷಾಢ ಅಂದರೆ ನಮಗೆ ಸುಗ್ಗಿ, ಊಟಕ್ಕೂ ಪುರುಸೊತ್ತಿಲ್ಲ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಭಾವನ ಫೋನ್ ಬಂತು.

"ಏನಪ್ಪಾ, ಈ ಗಾಡಿ ನಡುದಾರಿಯಾಗ ಕೈ ಬಿಡೋ ಹಂಗ ಕಾಣಸ್ತದ."

ಅವರು ಲಕ್ಕುಂಡಿ ಹತ್ತಿರ ನಿಂತಿದ್ದರು. ಜೊತೆಗೆ ಅಕ್ಕ, ಅಕ್ಕನ ಮಗಳು, ಮಗ. ಮಗಳನ್ನು ಧಾರವಾಡದ ಹಾಸ್ಟೆಲ್‌ಗೆ ಬಿಡಲು ಬಳ್ಳಾರಿಯಿಂದ ಹೊರಟಿದ್ದರು. ಬೆಳಿಗ್ಗೆ ರಾಹುಕಾಲ ಕಳೆದ ಮೇಲೆ, ಒಂಬತ್ತಕ್ಕೆ ಗಾಡಿ ತೆಗೆದಾಗ ಬ್ಯಾಟರಿ ಶೇ. 100 ಇತ್ತು. ಇನ್ನು 310 ಕಿ.ಮೀ. ಓಡುತ್ತದೆ ಎಂದು ಪರದೆ ತೋರಿಸಿತ್ತು. ಧಾರವಾಡಕ್ಕೆ ಹೆಚ್ಚೂಕಡಿಮೆ 230 ಕಿ.ಮೀ. ಹಾಗಾಗಿ ದಾರಿಯಲ್ಲಿ ಚಾರ್ಜ್ ಮಾಡುವ ಯೋಚನೆಯೇ ಇರಲಿಲ್ಲ. ಈಗ ನೋಡಿದರೆ ಶೇ. 26 ಉಳಿದಿದೆ, ಪರದೆ 45 ಕಿ.ಮೀ. ಎನ್ನುತ್ತಿದೆ, ಧಾರವಾಡ ಇನ್ನೂ 90 ಕಿ.ಮೀ. ದೂರ.

"ಗದಗಿಗೆ ನಿಧಾನಕ್ಕೆ ಹೋಗಿ, ಅಲ್ಲಿ ಚಾರ್ಜರ್ ಇದೆ" ಎಂದೆ. ಮೊದಲು ಸಿಕ್ಕ ಚಾರ್ಜರ್ ಕೆಟ್ಟಿತ್ತು. ಎರಡನೆಯದರಲ್ಲಿ ಗನ್, ಅಂದರೆ ಗಾಡಿಗೆ ಚುಚ್ಚುವ ಚಾರ್ಜಿಂಗ್ ಪ್ಲಗ್, ಹಾಕಿ ಒಂದು ಗಂಟೆ ಕೂತರು. ಹಾಸ್ಟೆಲ್ ಆಫೀಸು ಮುಚ್ಚುವ ಹೊತ್ತಿಗೆ ಧಾರವಾಡ ಸೇರಿದರು. ಅಕ್ಕನ ಸಿಟ್ಟು ಒಂದು ಕಡೆ, ಮಗಳ ಅಳು ಇನ್ನೊಂದು ಕಡೆ. ಯುಗಾದಿಗೆ ತಂದ ಹೊಸ ಕಾರು. ಕಂಪನಿಯವರು ಹೇಳಿದ್ದು ಒಂದು ಚಾರ್ಜ್‌ಗೆ 450 ಕಿ.ಮೀ. ಹತ್ತಿರ. ಭಾವ ಆ ರಾತ್ರಿ ಫೋನಿನಲ್ಲಿ ಒಂದೇ ಮಾತು ಹೇಳುತ್ತಿದ್ದರು: "ಬ್ಯಾಟರಿ ಹೋಗ್ಯದ. ಮೋಸ ಆಗ್ಯದ."

ಮರುದಿನ ಮಧ್ಯಾಹ್ನ ಧಾರವಾಡದಲ್ಲಿ ಪೂರ್ತಿ ಚಾರ್ಜ್ ಮಾಡಿಕೊಂಡು ವಾಪಸ್ ಹೊರಟರು. ಭಯಕ್ಕೆ ವೇಗ 80 ದಾಟಲಿಲ್ಲ. ದಾರಿಯಲ್ಲಿ ಎಲ್ಲೂ ಗನ್ ಹಾಕಲಿಲ್ಲ. ಬಳ್ಳಾರಿ ಮನೆ ಮುಂದೆ ನಿಂತಾಗ ಬ್ಯಾಟರಿಯಲ್ಲಿ ಶೇ. 34 ಉಳಿದಿತ್ತು!

ಅದೇ ಕಾರು, ಅದೇ ರಸ್ತೆ, ಮಧ್ಯೆ ಒಂದೇ ರಾತ್ರಿ. ಹೋಗುವಾಗಿನ ಲೆಕ್ಕದಲ್ಲಿ ಒಂದು ಚಾರ್ಜ್‌ಗೆ 200 ಕಿ.ಮೀ. ಕೂಡ ಇಲ್ಲ. ಬರುವಾಗಿನ ಲೆಕ್ಕದಲ್ಲಿ 350. ಕೆಟ್ಟ ಬ್ಯಾಟರಿ ಒಂದು ರಾತ್ರಿಯಲ್ಲಿ ವಾಸಿಯಾಗುವುದಿಲ್ಲ ಅಲ್ವಾ? ಆ ವಾರವೇ ಸರ್ವಿಸ್ ಸೆಂಟರ್‌ನಲ್ಲಿ ಬ್ಯಾಟರಿ ಪರೀಕ್ಷೆ ಮಾಡಿಸಿದೆವು. ಏನೂ ತೊಂದರೆ ಇಲ್ಲ ಎಂದು ಬಂತು. ಹಾಗಾದರೆ ಕರೆಂಟು ಎಲ್ಲಿಗೆ ಹೋಯಿತು? ಇದನ್ನು ಬಿಡಿಸದೆ ನನಗೆ ಸಮಾಧಾನ ಇರಲಿಲ್ಲ. ಎಲೆಕ್ಟ್ರಿಕ್ ಗಾಡಿ ತಗೊಳ್ಳಿ ಎಂದು ಭಾವನಿಗೆ ಹೇಳಿದ್ದವನು ನಾನೇ.

ಮೊದಲು ಅಳತೆ ಸರಿ ಮಾಡಿಕೊಂಡದ್ದು

ಕಿಲೋಮೀಟರ್ ಲೆಕ್ಕದಲ್ಲಿ ಯೋಚಿಸಿದರೆ ಈ ಗಂಟು ಬಿಚ್ಚುವುದಿಲ್ಲ. ಯೂನಿಟ್ ಲೆಕ್ಕಕ್ಕೆ ಬರಬೇಕು. ಮನೆಯ ಕರೆಂಟ್ ಬಿಲ್‌ನಲ್ಲಿ ಬರುವ ಯೂನಿಟ್ ಇದೆಯಲ್ಲ, ಬ್ಯಾಟರಿಯನ್ನು ಅಳೆಯುವುದೂ ಅದೇ. ಒಂದು ಕಿಲೋವ್ಯಾಟ್ ಅವರ್ ಅಂದರೆ ಒಂದು ಯೂನಿಟ್. ಭಾವನ ಕಾರಿನದು ಸುಮಾರು 40 ಯೂನಿಟ್ ಬ್ಯಾಟರಿ. ಅಂದರೆ ಶೇ. 1ಕ್ಕೆ 0.4 ಯೂನಿಟ್. ಪೆಟ್ರೋಲ್‌ಗೆ ಹೋಲಿಸಿದರೆ ಇದು ಬಹಳ ಚಿಕ್ಕ ಟ್ಯಾಂಕ್. ಒಂದು ಲೀಟರ್ ಪೆಟ್ರೋಲ್‌ನಲ್ಲೇ ಸುಮಾರು 9 ಯೂನಿಟ್‌ನಷ್ಟು ಶಕ್ತಿ ಇರುತ್ತದೆ. ಆದರೆ ಪೆಟ್ರೋಲ್ ಎಂಜಿನ್ ಅದರಲ್ಲಿ ಮುಕ್ಕಾಲು ಪಾಲನ್ನು ಬಿಸಿ ಮಾಡಿ ಹಾಳು ಮಾಡುತ್ತದೆ. ಹಾಗಾಗಿ ಗಾಳಿ, ವೇಗ, ಭಾರದಿಂದ ಆಗುವ ವ್ಯತ್ಯಾಸ ಆ ದೊಡ್ಡ ನಷ್ಟದಲ್ಲಿ ಮುಚ್ಚಿಹೋಗುತ್ತದೆ. ಮೋಟಾರು ಹಾಗಲ್ಲ, ಬಹಳ ಕಡಿಮೆ ಹಾಳು ಮಾಡುತ್ತದೆ. ಅದಕ್ಕೇ ಹೊರಗಿನ ಪ್ರತಿ ಸಣ್ಣ ಬದಲಾವಣೆಯೂ ಪರದೆ ಮೇಲೆ ಎದ್ದು ಕಾಣುತ್ತದೆ. ಗಾಳಿ ಮೊದಲೂ ಇತ್ತು, ಡೀಸೆಲ್ ಗಾಡಿಯಲ್ಲಿ ಹೋಗುವಾಗಲೂ ಇತ್ತು. ನಮಗೆ ಕಾಣುತ್ತಿರಲಿಲ್ಲ ಅಷ್ಟೇ.

ಅಕ್ಕನ ಮಗಳು ದಾರಿಯುದ್ದಕ್ಕೂ ಮನೆಯವರ ವಾಟ್ಸಾಪ್ ಗುಂಪಿಗೆ ಫೋಟೊ ಹಾಕುತ್ತಾ ಹೋಗಿದ್ದಳು. ಕೆಲವದರಲ್ಲಿ ಪರದೆಯೂ ಕಾಣುತ್ತಿತ್ತು. ಅವೇ ನನಗೆ ದಾಖಲೆ. ಬಳ್ಳಾರಿಯಿಂದ ಹೊಸಪೇಟೆ 65 ಕಿ.ಮೀ., ಖರ್ಚು ಶೇ. 27. ಹೊಸಪೇಟೆಯಿಂದ ಕೊಪ್ಪಳ 35 ಕಿ.ಮೀ., ಶೇ. 18. ಕೊಪ್ಪಳದಿಂದ ಗದಗ 58 ಕಿ.ಮೀ., ಶೇ. 36. ಇದನ್ನು 100 ಕಿ.ಮೀ.ಗೆ ಎಷ್ಟು ಯೂನಿಟ್ ಎಂದು ಬದಲಿಸಿಕೊಂಡೆ. ಮೊದಲ ತುಂಡಿನಲ್ಲಿ 16.6, ಎರಡನೆಯದರಲ್ಲಿ 20.6, ಮೂರನೆಯದರಲ್ಲಿ ಹತ್ತಿರ ಹತ್ತಿರ 25. ವಾಪಸ್ ಬರುವಾಗ ಇಡೀ ದಾರಿಗೆ ಸರಾಸರಿ 11.5.

ಇಷ್ಟು ಬರೆದು ನೋಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಖರ್ಚು ಒಂದೇ ಸಮ ಇಲ್ಲ. ಪಡುವಣಕ್ಕೆ ಹೋದಂತೆಲ್ಲ ಏರಿದೆ.

ಭಾವನ ಅನುಮಾನಗಳು

ಭಾವ ಎರಡು ಕಾರಣ ಹೇಳಿದರು. ಒಂದು, ಗದಗ ಎತ್ತರದಲ್ಲಿದೆ, ಗಾಡಿ ಏರು ಹತ್ತಬೇಕು. ಇನ್ನೊಂದು, ಎಸಿ.

ಏರಿನ ಮಾತು ನಿಜ. ಬಳ್ಳಾರಿಗಿಂತ ಗದಗ 150ರಿಂದ 200 ಮೀಟರ್ ಎತ್ತರದಲ್ಲಿದೆ. ಆದರೆ ಲೆಕ್ಕ ಹಾಕಿದರೆ ಅದು ತುಂಬಾ ಚಿಕ್ಕದು. ಜನ, ಸಾಮಾನು ಸೇರಿ 1,800 ಕೆ.ಜಿ. ಗಾಡಿಯನ್ನು 180 ಮೀಟರ್ ಮೇಲೆತ್ತಲು ಬೇಕಾದ ಶಕ್ತಿ ಒಂದು ಯೂನಿಟ್‌ಗಿಂತ ಕಡಿಮೆ. ಮೋಟಾರಿನ ನಷ್ಟ ಸೇರಿಸಿದರೂ ಒಂದು ಯೂನಿಟ್. ಗದಗಿನವರೆಗೆ ಖರ್ಚಾದದ್ದು 32 ಯೂನಿಟ್. ಮಿಕ್ಕ 31 ಎಲ್ಲಿ? ಮೇಲಾಗಿ ಏರಿಗೆ ಕೊಟ್ಟದ್ದು ಇಳಿಜಾರಿನಲ್ಲಿ ಬಹುಪಾಲು ವಾಪಸ್ ಬರುತ್ತದೆ.

ಎಸಿಯದು ಸ್ವಲ್ಪ ಉದ್ದನೆಯ ಕತೆ. ನನಗೆ ಮುಖ್ಯ ಎನಿಸಿದ ಕತೆಯೂ ಹೌದು.

ಭಾವನದು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ಸಣ್ಣ ಉದ್ಯೋಗ. ಮನೆಯಿಂದ ಕೌಲ್ ಬಜಾರ್, ಅಲ್ಲಿಂದ ಬಣ್ಣ ಹಾಕುವವರ ಹತ್ತಿರ, ಬ್ಯಾಂಕು, ಮತ್ತೆ ಮನೆ. ಒಂದೊಂದು ಓಡಾಟವೂ ನಾಲ್ಕೈದು ಕಿ.ಮೀ. ಮೇ ತಿಂಗಳಿನಲ್ಲಿ ಬಳ್ಳಾರಿ ಬಿಸಿಲು ಹೇಗಿರುತ್ತದೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಅಂಗಡಿ ಮುಂದೆ ಅರ್ಧ ಗಂಟೆ ನಿಂತ ಕಾರಿನ ಸ್ಟೇರಿಂಗ್ ಮುಟ್ಟಿದರೆ ಕೈ ಸುಡುತ್ತದೆ. ಹತ್ತಿದ ಕೂಡಲೇ ಎಸಿ ಪೂರ್ತಿ. ಒಳಗೆ ತಣ್ಣಗಾಗುವಷ್ಟರಲ್ಲಿ ಇಳಿಯುವ ಜಾಗ ಬಂದಿರುತ್ತದೆ. ಅರ್ಧ ಗಂಟೆ ಬಿಟ್ಟು ಮತ್ತೆ ಅದೇ ಕೆಲಸ.

ಇಲ್ಲಿ ತಿಳಿಯಬೇಕಾದದ್ದು ಇಷ್ಟು. ಎಸಿ ಕರೆಂಟು ತಿನ್ನುವುದು ಗಂಟೆ ಲೆಕ್ಕದಲ್ಲಿ, ಕಿಲೋಮೀಟರ್ ಲೆಕ್ಕದಲ್ಲಲ್ಲ. ಅಂಥ ಬಿಸಿಲಲ್ಲಿ ಗಂಟೆಗೆ 2 ಯೂನಿಟ್ ಎಂದಿಟ್ಟುಕೊಳ್ಳಿ. ಊರೊಳಗೆ ಗಂಟೆಗೆ 20 ಕಿ.ಮೀ. ಸಾಗಿದರೆ 100 ಕಿ.ಮೀ.ಗೆ ಐದು ಗಂಟೆ, ಅಂದರೆ ಎಸಿ ಒಂದಕ್ಕೇ 10 ಯೂನಿಟ್. ಊರೊಳಗೆ ಗಾಡಿ ಓಡಿಸಲು ಬೇಕಾಗುವುದೇ ಸುಮಾರು ಅಷ್ಟು. ಅಲ್ಲಿಗೆ ಖರ್ಚು ದುಪ್ಪಟ್ಟು, 40 ಯೂನಿಟ್‌ಗೆ 200 ಕಿ.ಮೀ. ಅದೇ ಎಸಿಯನ್ನು ಹೆದ್ದಾರಿಯಲ್ಲಿ 80ರ ವೇಗದಲ್ಲಿ ಹಾಕಿದರೆ 100 ಕಿ.ಮೀ.ಗೆ ಎರಡೂವರೆ ಯೂನಿಟ್. ಜುಲೈನ ಮೋಡದಲ್ಲಿ, ಅಷ್ಟೇನೂ ಬಿಸಿ ಇಲ್ಲದಾಗ, ಒಂದು ಯೂನಿಟ್ ಚಿಲ್ಲರೆ.

ಮೇ ತಿಂಗಳಿನಲ್ಲಿ ಭಾವ ಇದನ್ನು ಅನುಭವದಿಂದ ಕಲಿತಿದ್ದರು. ಎಸಿ ಬಂದ್ ಮಾಡಿದರೆ ಗಾಡಿ ಜಾಸ್ತಿ ಓಡುತ್ತದೆ ಎಂಬುದು ಅವರ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಹಾಗಾಗಿ ಅವತ್ತು ಕೊಪ್ಪಳದಲ್ಲಿ ಶೇ. 55 ನೋಡಿ ಗಾಬರಿಯಾದಾಗ ಏನು ಮಾಡಿದರು? ಎಸಿ ಬಂದ್ ಮಾಡಿದರು. ಸೆಕೆಗೆ ನಾಲ್ಕೂ ಕಿಟಕಿ ಇಳಿಸಿದರು. ಬೇಗ ಮುಟ್ಟೋಣ ಎಂದು 95ರಲ್ಲಿ ಓಡಿಸಿದರು. ಎಸಿಯಲ್ಲಿ ಉಳಿಸಿದ ಒಂದು ಯೂನಿಟ್ ಅನ್ನು ಕಿಟಕಿಯಿಂದ ನುಗ್ಗಿದ ಗಾಳಿ ತಿಂದುಹಾಕಿತು. ಮೇ ತಿಂಗಳ ಊರೊಳಗಿನ ಪಾಠವನ್ನು ಆಷಾಢದ ಹೆದ್ದಾರಿಗೆ ಹಚ್ಚಿದ್ದರು. ಅವರ ತಪ್ಪು ಅಂತ ನಾನು ಹೇಳಲಾರೆ. ಯಾರೂ ಅವರಿಗೆ ಇದನ್ನು ಬಿಡಿಸಿ ಹೇಳಿರಲಿಲ್ಲ.

ಫೋಟೊದಲ್ಲಿ ಸಿಕ್ಕ ಕಳ್ಳ

ಲಕ್ಕುಂಡಿ ಹತ್ತಿರ ಅಕ್ಕನ ಮಗಳು ತೆಗೆದ ಒಂದು ಫೋಟೊ ಇದೆ. ಕಾರು ರಸ್ತೆ ಪಕ್ಕ ನಿಂತಿದೆ, ಮುಖ ಗದಗಿನ ಕಡೆ. ಅಕ್ಕನ ಸೀರೆ ಸೆರಗು ಹಿಂದಕ್ಕೆ ಹಾರುತ್ತಿದೆ. ಕಾರಿನ ಮೇಲೆ ಕ್ಯಾರಿಯರ್. ಅದರ ಮೇಲೆ ಸುತ್ತಿ ಕಟ್ಟಿದ ಹತ್ತಿ ಗಾದಿ, ಒಂದು ಟ್ರಂಕು, ಮಳೆ ಬಂದರೆ ಇರಲಿ ಎಂದು ಹೊದಿಸಿದ ನೀಲಿ ತಾಡಪತ್ರಿ. ತಾಡಪತ್ರಿಯ ಮುಂದಿನ ಅಂಚು ಹಗ್ಗದಿಂದ ಬಿಚ್ಚಿಕೊಂಡು ಉಬ್ಬಿ ನಿಂತಿದೆ. ಕಾರಿನ ಮುಂದೆ ದೂರದಲ್ಲಿ ಐದಾರು ವಿಂಡ್ ಮಿಲ್, ನಮ್ಮ ಕಡೆಯವರು 'ಫ್ಯಾನ್' ಎನ್ನುತ್ತಾರಲ್ಲ, ಅವು.

ನಾನು ನೋಡಿದ್ದು ಆ ಫ್ಯಾನ್‌ಗಳನ್ನು. ಎಲ್ಲವೂ ಕಾರಿಗೆ ಬೆನ್ನು ಹಾಕಿ ನಿಂತಿದ್ದವು. ಕಂಬದ ತುದಿಯಲ್ಲಿ ಬಸ್ಸಿನಷ್ಟು ದೊಡ್ಡ ಪೆಟ್ಟಿಗೆ ಇರುತ್ತದೆ. ರೆಕ್ಕೆ ಇರುವುದು ಅದರ ಮುಂದೆ. ಗಾಳಿ ಯಾವ ಕಡೆಯಿಂದ ಬರುತ್ತದೋ ಆ ಕಡೆಗೆ ಯಂತ್ರ ತಾನೇ ಮುಖ ತಿರುಗಿಸಿಕೊಳ್ಳುತ್ತದೆ. ಫೋಟೊದಲ್ಲಿ ಪೆಟ್ಟಿಗೆ ಮುಂದೆ, ರೆಕ್ಕೆ ಅದರ ಆಚೆ ಕಾಣುತ್ತಿತ್ತು. ಅಂದರೆ ಫ್ಯಾನ್‌ಗಳ ಮುಖ ಪಡುವಣಕ್ಕೆ. ಗಾಳಿ ನೇರ ಕಾರಿನ ಎದುರಿನಿಂದ.

ಬಳ್ಳಾರಿಯಿಂದ ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ ದಾಟುವ ಹೆದ್ದಾರಿ ಹೆಚ್ಚೂಕಡಿಮೆ ನೇರ ಪಡುವಣಕ್ಕೆ ಹೋಗುತ್ತದೆ. ಮುಂಗಾರಿನ ಗಾಳಿ ಬರುವುದೂ ಅದೇ ದಿಕ್ಕಿನಿಂದ. ಕೊಪ್ಪಳ, ಗದಗ ಸೀಮೆಯಲ್ಲಿ ಇಷ್ಟೊಂದು ಫ್ಯಾನ್ ನಿಂತಿರುವುದು ಸುಮ್ನೆ ಅಲ್ಲ. ಎರೆ ಹೊಲ, ಬಯಲು, ಗಾಳಿಗೆ ಅಡ್ಡ ಏನೂ ಇಲ್ಲ.

ಗಾಳಿಯ ತಡೆ ಹೇಗೆ ಏರುತ್ತದೆ ಎಂಬುದೇ ಇಡೀ ಪ್ರಕರಣದ ಕೀಲಿ. ಗಾಡಿಯ ವೇಗ 80ರಿಂದ 100ಕ್ಕೆ ಹೋದರೆ ವೇಗ ಏರಿದ್ದು ಕಾಲು ಭಾಗ. ತಡೆ ಏರುವುದು ಒಂದೂವರೆ ಪಟ್ಟಿಗೂ ಜಾಸ್ತಿ. ವೇಗದ ವರ್ಗಕ್ಕೆ ತಕ್ಕಂತೆ ಅದು ಬೆಳೆಯುತ್ತದೆ. ಇಲ್ಲಿ ವೇಗ ಅಂದರೆ ಸ್ಪೀಡೋಮೀಟರ್ ತೋರಿಸುವುದಲ್ಲ, ಗಾಳಿಗೆ ಎದುರಾಗಿ ಗಾಡಿ ಹೋಗುತ್ತಿರುವ ವೇಗ. ಎದುರಿನಿಂದ 20 ಕಿ.ಮೀ. ಗಾಳಿ ಬೀಸುತ್ತಿದ್ದರೆ 95ರಲ್ಲಿ ಹೋಗುವ ಗಾಡಿ 115ರಲ್ಲಿ ಹೋದಷ್ಟು ಗಾಳಿ ತಳ್ಳಬೇಕು. ವಾಪಸ್ ಬರುವಾಗ ಅದೇ ಗಾಳಿ ಬೆನ್ನಿಗೆ. 80ರಲ್ಲಿ ಬಂದರೂ ಗಾಡಿಗೆ ತಾಗುವುದು 60ರ ಗಾಳಿ. 115 ಎಲ್ಲಿ, 60 ಎಲ್ಲಿ! ವರ್ಗ ಹಾಕಿ ನೋಡಿದರೆ ಮೂರೂವರೆ ಪಟ್ಟಿಗೂ ಹೆಚ್ಚು ವ್ಯತ್ಯಾಸ.

ಅದರ ಮೇಲೆ ಗಾದಿ. ಕಾರು ತಯಾರಿಸುವವರು ಗಾಳಿ ನುಣ್ಣಗೆ ಜಾರಲಿ ಎಂದು ಮೇಲ್ಛಾವಣಿಯನ್ನು ಅಷ್ಟು ಕಷ್ಟಪಟ್ಟು ರೂಪಿಸಿರುತ್ತಾರೆ. ನಾವು ಅದರ ಮೇಲೆ ಒಂದು ಗೋಡೆ ನಿಲ್ಲಿಸಿದ್ದೆವು. ಗಾದಿಯ ಭಾರ ಲೆಕ್ಕಕ್ಕಿಲ್ಲ, ಅದು ಒಡ್ಡಿದ ಎದೆ ಲೆಕ್ಕಕ್ಕೆ ಬಂತು.

ರಸ್ತೆಯಲ್ಲಿ ಒರೆಗೆ ಹಚ್ಚಿದ್ದು

ಹೇಳಿದ್ದನ್ನೆಲ್ಲ ಭಾವ ಕೇಳಿದರು. ಆದರೆ ಪೂರ್ತಿ ನಂಬಲಿಲ್ಲ. "ಗಾಳಿ ಕಣ್ಣಿಗೆ ಕಾಣಂಗಿಲ್ಲ, ಅದಕ್ಕ ಇಷ್ಟು ಶಕ್ತಿ ಎಲ್ಲಿದು?" ಎಂದರು. ಜುಲೈ ಕೊನೆಯ ಭಾನುವಾರ ಕೊಪ್ಪಳಕ್ಕೆ ಬನ್ನಿ ಎಂದೆ. ಬಂದರು.

ಮೊದಲು ಟೈರ್ ನೋಡಿದೆವು. ಗಾಳಿಯ ಒತ್ತಡ 28 ಪಿಎಸ್‌ಐ ಇತ್ತು. ಬಾಗಿಲಿನ ಚೀಟಿಯಲ್ಲಿ ಬರೆದದ್ದು 33. ತುಂಬಿಸಿದೆವು. ಆಮೇಲೆ ಇಬ್ಬರೇ ಕೂತು, ಮೇಲೆ ಏನೂ ಇಲ್ಲದೆ, ಕಿಟಕಿ ಮುಚ್ಚಿ, ಎಸಿ 25ಕ್ಕೆ ಇಟ್ಟು ಕೊಪ್ಪಳ ದಾಟಿ ಭಾನಾಪುರದ ಕಡೆ 20 ಕಿ.ಮೀ. ಹೋದೆವು. ಟ್ರಿಪ್ ಮೀಟರ್ ಸೊನ್ನೆ ಮಾಡಿ ಅದೇ ರಸ್ತೆಯಲ್ಲಿ ವಾಪಸ್. ಮೊದಲ ಸುತ್ತು 80ರಲ್ಲಿ, ಎರಡನೆಯದು 100ರಲ್ಲಿ. ಮಧ್ಯಾಹ್ನ, ಗಾಳಿ ಜೋರಿತ್ತು. ಹೊರಗೆ ನಿಂತರೆ ತಲೆ ಮೇಲಿನ ಟವೆಲ್ ನಿಲ್ಲುತ್ತಿರಲಿಲ್ಲ.

80ರಲ್ಲಿ ಪಡುವಣಕ್ಕೆ ಹೋಗುವಾಗ 100 ಕಿ.ಮೀ.ಗೆ 17 ಯೂನಿಟ್ ತೋರಿಸಿತು. ಮೂಡಣಕ್ಕೆ ತಿರುಗಿದಾಗ ಹತ್ತೂವರೆ. 100ರಲ್ಲಿ ಹೋಗುವಾಗ 21.5, ಬರುವಾಗ 13. ಭಾವ ಒಂದು ಹೊತ್ತು ಸುಮ್ಮನೆ ಪರದೆ ನೋಡುತ್ತಾ ಕೂತರು. 100ರಲ್ಲಿ ಗಾಳಿಯ ಜೊತೆ ಬಂದಾಗಿನ ಖರ್ಚು 80ರಲ್ಲಿ ಗಾಳಿಗೆ ಎದುರು ಹೋದಾಗಿನ ಖರ್ಚಿಗಿಂತ ಕಡಿಮೆ! ಇನ್ನೊಂದು ಸೂಕ್ಷ್ಮವೂ ಇದೆ. ಹೋಗುವಾಗ ಗಾಳಿ ಕಿತ್ತುಕೊಂಡಷ್ಟನ್ನು ಬರುವಾಗ ಪೂರ್ತಿ ಕೊಡುವುದಿಲ್ಲ. ವರ್ಗದ ಲೆಕ್ಕ ಇರುವುದರಿಂದ ಸ್ವಲ್ಪ ಅದರ ಕೈಯಲ್ಲೇ ಉಳಿಯುತ್ತದೆ.

ಈ ಅಳತೆ ಹಿಡಿದು ಕೊಪ್ಪಳ–ಗದಗ ನಡುವಿನ ಆ 25 ಯೂನಿಟ್ ಅನ್ನು ಬಿಡಿಸಿದೆ. ಗಾಳಿ ಇಲ್ಲದ ದಿನ 80ರಲ್ಲಿ ಈ ಗಾಡಿಗೆ 13 ಯೂನಿಟ್ ಸಾಕು. 95ಕ್ಕೆ ಏರಿಸಿದ್ದಕ್ಕೆ ಸುಮಾರು 3. ಎದುರು ಗಾಳಿಗೆ ನಾಲ್ಕೂವರೆ. ಗಾದಿ, ಟ್ರಂಕು, ತೆರೆದ ಕಿಟಕಿ ಸೇರಿ ಎರಡೂವರೆ. ನಾಲ್ಕು ಜನ, ಸಾಮಾನು, ಗಾಳಿ ಕಡಿಮೆ ಇದ್ದ ಟೈರ್‌ಗೆ ಒಂದೂವರೆ. ಏರಿಗೆ ಒಂದು. ಎಸಿ ಬಂದ್ ಮಾಡಿ ಉಳಿಸಿದ ಒಂದನ್ನು ಕಳೆದರೆ ಇಪ್ಪತ್ನಾಲ್ಕೂವರೆ. ಇವು ನನ್ನ ಅಂದಾಜು, ಅಂಗಡಿ ತಕ್ಕಡಿಯ ತೂಕವಲ್ಲ. ಆದರೆ ಯಾವುದು ದೊಡ್ಡದು, ಯಾವುದು ಚಿಕ್ಕದು ಎಂಬುದರಲ್ಲಿ ಅನುಮಾನ ಇಲ್ಲ. ಭಾವ ದೂರಿದ ಎರಡೂ, ಏರು ಮತ್ತು ಎಸಿ, ಈ ಪಟ್ಟಿಯ ಕೊನೆಯಲ್ಲಿವೆ.

450 ಮತ್ತು 310 ಎಲ್ಲಿಂದ ಬಂದವು?

450 ಸುಳ್ಳಲ್ಲ. ಆದರೆ ಅದು ನಮ್ಮ ರಸ್ತೆಯದಲ್ಲ. ನಮ್ಮ ದೇಶದಲ್ಲಿ ಈ ಅಂಕಿ ಬರುವುದು ಎಂಐಡಿಸಿ ಎಂಬ ಪರೀಕ್ಷೆಯಿಂದ. ಗಾಡಿಯನ್ನು ಕೋಣೆಯೊಳಗೆ ಉರುಳೆಗಳ ಮೇಲೆ ನಿಲ್ಲಿಸಿ ಓಡಿಸುತ್ತಾರೆ. ವೇಗ 90 ದಾಟುವುದಿಲ್ಲ, ಸರಾಸರಿ ಅದರ ಅರ್ಧಕ್ಕಿಂತಲೂ ಕಡಿಮೆ. ಎಸಿ ಇಲ್ಲ. ಆಷಾಢದ ಗಾಳಿ ಇಲ್ಲ. ಗಾದಿಯಂತೂ ಇಲ್ಲ. ಒಂದು ಕಾರನ್ನು ಇನ್ನೊಂದರ ಜೊತೆ ಹೋಲಿಸಲು ಆ ಅಂಕಿ ಒಳ್ಳೆಯದು. ಊರಿಂದ ಊರಿಗೆ ಹೋಗಲು ಅದನ್ನು ನಂಬಬಾರದು. ಕಾರು ಮಾರುವವರು ಇಷ್ಟನ್ನು ಬಾಯಿಬಿಟ್ಟು ಹೇಳಿದ್ದರೆ ಅಕ್ಕನ ಮಗಳು ಅವತ್ತು ಕಣ್ಣೀರು ಹಾಕುತ್ತಿರಲಿಲ್ಲ. ಇದು ನನಗೆ ಈಗಲೂ ಬೇಜಾರು.

310 ಬಂದದ್ದು ಕಾರಿನ ನೆನಪಿನಿಂದ. ಹಿಂದಿನ ಓಡಾಟದಲ್ಲಿ ಎಷ್ಟು ಖರ್ಚಾಗಿತ್ತೋ ಮುಂದೆಯೂ ಅಷ್ಟೇ ಆಗುತ್ತದೆ ಎಂದು ಪರದೆ ಲೆಕ್ಕ ಹಾಕುತ್ತದೆ. ಜೂನ್ ಕೊನೆಯಲ್ಲಿ ಮಳೆ ಬಿದ್ದು ಬಳ್ಳಾರಿ ತಣ್ಣಗಾಗಿತ್ತು. ಎಸಿ ಅಷ್ಟಾಗಿ ಬೇಕಿರಲಿಲ್ಲ. ಊರೊಳಗೆ ನಿಧಾನದ ಓಡಾಟ, ಬ್ರೇಕ್ ಹಿಡಿದಾಗಲೆಲ್ಲ ಸ್ವಲ್ಪ ಕರೆಂಟು ಬ್ಯಾಟರಿಗೆ ವಾಪಸ್. ಕಾರು ಅದನ್ನೇ ನೆನಪಿಟ್ಟುಕೊಂಡಿತ್ತು. ಮುಂದೆ ಗಾಳಿ ಇದೆ ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು?

ಚಳಿಯಲ್ಲಿ ರೇಂಜ್, ಅಂದರೆ ಒಂದು ಚಾರ್ಜ್‌ಗೆ ಓಡುವ ದೂರ, ಬೀಳುತ್ತದೆ ಎಂದು ಹೊರದೇಶದವರು ಹೇಳುವುದನ್ನು ಭಾವ ಮೊಬೈಲಿನಲ್ಲಿ ನೋಡಿದ್ದರು. ಅದೂ ನಿಜ. ತಣ್ಣಗಾದಾಗ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ಮಂದ ಆಗುತ್ತದೆ, ಒಳಗೆ ಬೆಚ್ಚಗಿಡಲೂ ಕರೆಂಟು ಬೇಕು. ಆದರೆ ಅದು ಹಿಮ ಬೀಳುವ ಊರುಗಳ ಚಿಂತೆ. ಬಳ್ಳಾರಿಯ ಡಿಸೆಂಬರ್ ಈ ಗಾಡಿಗೆ ವರ್ಷದಲ್ಲೇ ಒಳ್ಳೆಯ ಕಾಲ.

ಆಮೇಲೆ

ಭಾವ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟರು. ದೂರದ ಊರಿಗೆ ಹೋದಾಗ ಕಿ.ಮೀ., ಶೇಕಡಾ, ಯೂನಿಟ್ ಬರೆಯುತ್ತಾರೆ. ಬೇಸಿಗೆಯಲ್ಲಿ ಅಂಗಡಿ ಹಿಂದಿನ ಬೇವಿನ ಮರದ ಕೆಳಗೆ ಕಾರು ನಿಲ್ಲಿಸುತ್ತಾರೆ. ಬೆಳಿಗ್ಗೆ ಚಾರ್ಜರ್ ತೆಗೆಯುವ ಮೊದಲೇ ಎಸಿ ಹಾಕಿ ಒಳಗೆ ತಂಪು ಮಾಡಿಕೊಳ್ಳುತ್ತಾರೆ. ಆಗ ತಂಪಿಗೆ ಬೇಕಾದ ಕರೆಂಟು ಮನೆಯದು, ಬ್ಯಾಟರಿಯದಲ್ಲ. ಕ್ಯಾರಿಯರ್ ಬಿಚ್ಚಿ ಮಹಡಿ ಮೇಲೆ ಹಾಕಿದ್ದಾರೆ.

ಸೆಪ್ಟೆಂಬರ್ ಮೊದಲ ವಾರ ಮಗಳನ್ನು ಗಣೇಶನ ಹಬ್ಬಕ್ಕೆ ಕರೆತರಲು ಮತ್ತೆ ಧಾರವಾಡಕ್ಕೆ ಹೊರಟರು. ಗಾಳಿ ಏಳುವ ಮೊದಲು ಬೆಳಗಿನ ಜಾವ ಐದಕ್ಕೆ, ಒಬ್ಬರೇ, 80ರಲ್ಲಿ. ಗದಗಿನಲ್ಲಿ ಇಡ್ಲಿ ತಿನ್ನುವಷ್ಟು ಹೊತ್ತು ಗನ್ ಹಾಕುವುದು ಎಂದು ಮೊದಲೇ ತೀರ್ಮಾನಿಸಿದ್ದರು. ಲಕ್ಕುಂಡಿ ಹತ್ತಿರದಿಂದ ನನಗೊಂದು ಫೋಟೊ ಕಳಿಸಿದರು. ಪರದೆಯಲ್ಲಿ ಶೇ. 48. ಮುಂದಿನ ಗಾಜಿನಾಚೆ ಮಂಜಿನಲ್ಲಿ ಮೂರು ಫ್ಯಾನ್. ಕೆಳಗೆ ಬರೆದಿದ್ದರು: "ಇನ್ನೂ ಬೆನ್ನೇ ಕಾಣಸ್ತದ. ಆದರ ತಿರುಗವಲ್ವು, ಮಲಗ್ಯಾವ."